ಇನ್‌ಸ್ಟಾಲ್ ಆಗಿದೆ, ಬ್ಯಾಕಪ್ ಆಗಿಲ್ಲ: ಲಿನಕ್ಸ್ ಬ್ಯಾಕಪ್ ಪ್ಯಾಕೇಜಿನ ದೋಷ ನಿವಾರಣೆ ಕೈಪಿಡಿ

ಬ್ಯಾಕಪ್ ಪ್ರೋಗ್ರಾಂ ಕೆಟ್ಟಿದ್ದು ಬೇಗ ಗೊತ್ತಾಗುವುದಿಲ್ಲ. ಬ್ರೌಸರ್ ತೆರೆಯದಿದ್ದರೆ ಆ ಕ್ಷಣವೇ ಫೋನ್ ಬರುತ್ತದೆ. ಬ್ಯಾಕಪ್ ನಿಂತುಹೋದ ಸಂಗತಿ ಮಾತ್ರ ಹಾರ್ಡ್ ಡಿಸ್ಕ್ ಕೈಕೊಟ್ಟ ದಿನ ಹೊರಬೀಳುತ್ತದೆ. ಪುಣೆಯಲ್ಲಿ ನಾವು ಕೆಲವು ಕನ್ನಡಿಗರು ಸೇರಿ ಒಂದು ಓಪನ್ ಸೋರ್ಸ್ ಬ್ಯಾಕಪ್ ಪ್ರೋಗ್ರಾಂ ಅನ್ನು ಡೆಬಿಯನ್, ಉಬುಂಟು, ಫೆಡೋರಾ, ಆರ್ಚ್ ಎಂಬ ಲಿನಕ್ಸ್ ಡಿಸ್ಟ್ರೋಗಳನ್ನು (ಲಿನಕ್ಸಿನ ಬೇರೆ ಬೇರೆ ವಿತರಣೆಗಳನ್ನು) ಬಳಸುವವರಿಗಾಗಿ ಪ್ಯಾಕೇಜ್ ಮಾಡಿ, ಅಂದರೆ ಇನ್‌ಸ್ಟಾಲ್ ಮಾಡಲು ಸಿದ್ಧವಾದ ಕಟ್ಟಾಗಿಸಿ, ಬಿಡುಗಡೆ ಮಾಡುತ್ತೇವೆ. ಡೆಕ್ಕನ್ ಕಡೆಯ ಉಡುಪಿ ಹೋಟೆಲಿನ ಬಿಲ್ಲಿಂಗ್ ಕಂಪ್ಯೂಟರ್, ಸದಾಶಿವ ಪೇಠೆಯ ಡಿಟಿಪಿ ಅಂಗಡಿ, ಕನ್ನಡ ಬಳಗದ ಕಚೇರಿಯ ಹಳೇ ಡೆಸ್ಕ್‌ಟಾಪ್, ಹಿಂಜೇವಾಡಿಯಲ್ಲಿ ಕೆಲಸ ಮಾಡುವ ಹುಡುಗರ ಲ್ಯಾಪ್‌ಟಾಪ್, ಬಳಸುವವರು ಇಂಥವರು. ಇವರಿಂದ ಬರುವ ದೂರುಗಳಲ್ಲಿ ಹೆಚ್ಚಿನವು ಪ್ರೋಗ್ರಾಂನ ಕೋಡಿನ ತಪ್ಪಲ್ಲ, ಪ್ಯಾಕೇಜಿನ ತಪ್ಪು. ಹಾಗಾಗಿ ಕೋಡ್ ತೆರೆಯುವ ಮೊದಲು ಪ್ಯಾಕೇಜನ್ನು ಬಿಚ್ಚಿ ನೋಡಿ. ಹೊಸದಾಗಿ ಈ ಕೆಲಸಕ್ಕೆ ಕೈಹಾಕಿದವರು ಎಲ್ಲಿಂದ ಹುಡುಕಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಇಷ್ಟು ಕೇಳಿ

“ಬ್ಯಾಕಪ್ ಆಗ್ತಿಲ್ಲ” ಎಂಬ ಒಂದೇ ಸಾಲಿನ ದೂರಿನಿಂದ ಏನೂ ತಿಳಿಯುವುದಿಲ್ಲ. ಯಾವ ಡಿಸ್ಟ್ರೋ, ಅದರ ಯಾವ ಆವೃತ್ತಿ ಎಂದು ಕೇಳಿ. ಪ್ರೋಗ್ರಾಂ ಡೆಬ್ (ಡೆಬಿಯನ್, ಉಬುಂಟುವಿನ ಪ್ಯಾಕೇಜ್) ಆಗಿ ಬಂತೋ, ಆರ್‌ಪಿಎಂ (ಫೆಡೋರಾ ಬಳಗದ ಪ್ಯಾಕೇಜ್) ಆಗಿಯೋ, ಫ್ಲಾಟ್‌ಪ್ಯಾಕ್ (ಯಾವ ಡಿಸ್ಟ್ರೋದಲ್ಲೂ ಓಡುವ ಪ್ಯಾಕೇಜ್) ಆಗಿಯೋ, ಆರ್ಚ್ ಬಳಕೆದಾರರ ಸಂಗ್ರಹವಾದ ಎಯುಆರ್‌ನಿಂದಲೋ ಎಂದು ಕೇಳಿ. ಆಮೇಲೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಟರ್ಮಿನಲ್‌ನಲ್ಲಿ ಕೈಯಿಂದ ಓಡಿಸಿದರೆ ಬ್ಯಾಕಪ್ ಆಗುತ್ತದೆಯೇ? ಆಗುತ್ತದೆ ಎಂದರೆ ಕೋಡ್ ಸರಿಯಿದೆ. ಟೈಮರ್ (ಹೊತ್ತಿಗೆ ಸರಿಯಾಗಿ ಓಡಿಸುವ ವ್ಯವಸ್ಥೆ), ಪರಿಸರದ ವೇರಿಯಬಲ್ (ಪ್ರೋಗ್ರಾಂಗೆ ಹೊರಗಿನಿಂದ ಸಿಗುವ ಸೆಟ್ಟಿಂಗ್), ಡಿಸ್ಕ್ ಮೌಂಟ್ (ಡಿಸ್ಕನ್ನು ಒಂದು ಫೋಲ್ಡರಿಗೆ ಜೋಡಿಸುವುದು), ಈ ಮೂರರಲ್ಲಿ ಹುಡುಕಿ. ಆಗುವುದಿಲ್ಲ ಎಂದರೆ ಪ್ರೋಗ್ರಾಂ ಏಳುವುದೇ ಇಲ್ಲವೋ, ಎದ್ದು ಅರ್ಧದಲ್ಲಿ ಬೀಳುತ್ತದೋ ಎಂದು ಬೇರ್ಪಡಿಸಿ. ಇಷ್ಟರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಸ್ಕ್ರೀನ್‌ಶಾಟ್‌ಗಿಂತ ಲಾಗ್ ತರಿಸಿಕೊಳ್ಳುವುದು ಒಳ್ಳೆಯದು. ಸ್ಕ್ರೀನ್‌ಶಾಟ್‌ನಲ್ಲಿ ಕೊನೆಯ ಸಾಲು ಮಾತ್ರ ಇರುತ್ತದೆ, ಕಾರಣ ಹತ್ತು ಸಾಲು ಮೇಲಿರುತ್ತದೆ.

ಇನ್‌ಸ್ಟಾಲೇ ಆಗದಿದ್ದರೆ

ಇದು ಸುಲಭದ ವರ್ಗ. ತಪ್ಪು ಕಣ್ಣೆದುರೇ ಇರುತ್ತದೆ.

ಡೆಬಿಯನ್ 11 ಇರುವವರು “ಕಂಟ್ರೋಲ್ ಡಾಟ್ ಟಾರ್ ಡಾಟ್ ಜೆಡ್‌ಎಸ್‌ಟಿ, ಗೊತ್ತಿಲ್ಲದ ಕಂಪ್ರೆಷನ್” ಎಂಬ ಅರ್ಥದ ದೋಷ ಕಳಿಸಿದರೆ, ಆ ಡೆಬ್ ಉಬುಂಟುವಿನಲ್ಲಿ ಕಟ್ಟಿದ್ದು. ಉಬುಂಟು 21.10ರಿಂದ ಡೆಬ್ ಫೈಲುಗಳನ್ನು ಜೆಡ್‌ಸ್ಟಾಂಡರ್ಡ್ (ಜೆಡ್‌ಎಸ್‌ಟಿ) ವಿಧಾನದಲ್ಲಿ ಕುಗ್ಗಿಸುತ್ತಿದೆ, ಡೆಬಿಯನ್ 11ರ ಡಿಪಿಕೆಜಿಗೆ (ಡೆಬ್ ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂಗೆ) ಅದು ಬಿಚ್ಚಲು ಬರುವುದಿಲ್ಲ, ಡೆಬಿಯನ್ 12ಕ್ಕೆ ಬರುತ್ತದೆ. ಕಟ್ಟುವಾಗ ಎಕ್ಸ್‌ಜೆಡ್ ಎಂಬ ಕುಗ್ಗಿಸುವ ವಿಧಾನ ಬಳಸು ಎಂದು, ಡೆಬ್ ಕಟ್ಟುವ ಡಿಎಚ್-ಬಿಲ್ಡ್‌ಡೆಬ್ ಕಮಾಂಡಿಗೆ ಹೇಳಿದರೆ ಎರಡೂ ಕಡೆ ಬಿಚ್ಚಿಕೊಳ್ಳುತ್ತದೆ. ಫೈಲ್ ತುಸು ದೊಡ್ಡದಾದರೆ ಆಗಲಿ. ಆರ್‌ಪಿಎಂನಲ್ಲೂ ಇದೇ ತೊಡಕಿದೆ: ಫೆಡೋರಾ 31ರಿಂದ ಪೇಲೋಡ್ (ಪ್ಯಾಕೇಜಿನ ಒಳಗಿನ ಫೈಲುಗಳ ಕಟ್ಟು) ಜೆಡ್‌ಸ್ಟಾಂಡರ್ಡ್ ಆದ್ದರಿಂದ ಅಲ್ಲಿ ಕಟ್ಟಿದ್ದನ್ನು ಸೆಂಟ್‌ಓಎಸ್ 7ರಂಥ ಹಳೇ ಸಿಸ್ಟಂ ತೆಗೆದುಕೊಳ್ಳುವುದಿಲ್ಲ.

“ಲಿಬ್‌ಎಸ್‌ಎಸ್‌ಎಲ್3ಟಿ64 ಬೇಕು, ಆದರೆ ಸಿಗುತ್ತಿಲ್ಲ” ಎಂದರೆ ಉಬುಂಟು 24.04ರಲ್ಲಿ ಕಟ್ಟಿದ ಡೆಬ್ ಅನ್ನು 22.04ರಲ್ಲಿ ಹಾಕಲು ಹೊರಟಿದ್ದಾರೆ. 2038ರ ಜನವರಿ 19ರಂದು 32 ಬಿಟ್ ಸಮಯದ ಎಣಿಕೆ ತುಂಬಿಹೋಗುತ್ತದೆ. ಅದಕ್ಕೆ ಮುಂಚಿತವಾಗಿ 2024ರಲ್ಲಿ ಡೆಬಿಯನ್ ಮತ್ತು ಉಬುಂಟು ಹಲವಾರು ಲೈಬ್ರರಿಗಳ ಹೆಸರಿಗೆ ಟಿ64 ಬಾಲ ಸೇರಿಸಿದವು. ಪ್ರತಿ ಡಿಸ್ಟ್ರೋ ಆವೃತ್ತಿಗೂ ಬೇರೆ ಬೇರೆ ಡೆಬ್ ಕಟ್ಟಬೇಕು. ಒಂದೇ ಡೆಬ್ ಎಲ್ಲರಿಗೂ ಆಗುತ್ತದೆ ಎಂಬ ಆಸೆ ಬಿಡಿ.

ಸಹಿಯ ತೊಂದರೆ ಸ್ವಲ್ಪ ಗಂಭೀರ. ಡೆಬ್‌ಗಳನ್ನು ಇಳಿಸಿ ಹಾಕುವ ಆಪ್ಟ್ “ಎಕ್ಸ್‌ಪಿ-ಕೀ-ಸಿಗ್” ಎಂದರೆ ರೆಪಾಸಿಟರಿಗೆ (ನಮ್ಮ ಪ್ಯಾಕೇಜುಗಳ ಸಂಗ್ರಹಕ್ಕೆ) ಸಹಿ ಹಾಕಿದ ಜಿಪಿಜಿ ಕೀಲಿಯ (ಡಿಜಿಟಲ್ ಸಹಿಯ ಕೀಲಿಯ) ಅವಧಿ ಮುಗಿದಿದೆ. ಕೀಲಿಯ ಅವಧಿಯನ್ನು ಮುಂದಕ್ಕೆ ಹಾಕುವುದು ಒಂದೇ ಕಮಾಂಡಿನ ಕೆಲಸ, ಆದರೆ ಹೊಸ ಪ್ರತಿ ಬಳಕೆದಾರರಿಗೆ ತಲುಪಬೇಕಲ್ಲ? ಕೀಲಿಯನ್ನು ಹೊತ್ತ ಕೀರಿಂಗ್ ಪ್ಯಾಕೇಜನ್ನು ಅವಧಿ ಮುಗಿಯುವ ಮೊದಲೇ ಅಪ್‌ಡೇಟ್ ಆಗಿ ಕಳಿಸಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಮುಗಿದ ಮೇಲೆ ಕಳಿಸಿದರೆ ಅದನ್ನೂ ಆಪ್ಟ್ ನಂಬುವುದಿಲ್ಲ, ಒಬ್ಬೊಬ್ಬರೂ ಕೈಯಿಂದ ಕೀಲಿ ಇಳಿಸಿಕೊಳ್ಳಬೇಕು. ಬಿಡುಗಡೆಯ ಕ್ಯಾಲೆಂಡರಿನಲ್ಲಿ ಕೀಲಿಯ ದಿನಾಂಕಕ್ಕೆ ಒಂದು ಸಾಲು ಇರಲೇಬೇಕು.

“ರಿಲೀಸ್ ಫೈಲ್ ಇನ್ನೂ ಊರ್ಜಿತವಾಗಿಲ್ಲ” ಎಂಬರ್ಥದ ದೋಷ ಬಂದರೆ ನಿಮ್ಮ ಕೀಲಿಯನ್ನು ಅನುಮಾನಿಸಬೇಡಿ, ಅವರ ಕಂಪ್ಯೂಟರಿನ ಗಡಿಯಾರ ನೋಡಿ. ಪುಣೆಯಲ್ಲಿ ಗುರುವಾರ ದುರಸ್ತಿಗೆಂದು ಕರೆಂಟ್ ತೆಗೆಯುವುದು ರೂಢಿ. ಹಳೇ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಸೆಲ್ ಸತ್ತಿದ್ದರೆ ಕರೆಂಟ್ ಬಂದಾಗ ಅದು ಎಷ್ಟೋ ವರ್ಷ ಹಿಂದಿನ ದಿನಾಂಕ ಹಿಡಿದು ಏಳುತ್ತದೆ. ಆಪ್ಟ್ ನಿಲ್ಲುವುದು ಇಲ್ಲಿ ಸಣ್ಣ ತೊಂದರೆ. ಆ ಹೊತ್ತಿನಲ್ಲಿ ಬ್ಯಾಕಪ್ ಓಡಿದರೆ ಅದರ ಮೇಲೆ ಹಳೇ ದಿನಾಂಕ ಬೀಳುತ್ತದೆ, “ಹಳೆಯವನ್ನು ಅಳಿಸು” ಎಂಬ ನಿಯಮ ಓಡಿದಾಗ ಇವತ್ತಿನ ಬ್ಯಾಕಪ್ಪೇ ಮೊದಲು ಹೋಗುತ್ತದೆ. ಹಿಂದಿನ ಬ್ಯಾಕಪ್ಪಿಗಿಂತ ಈಗಿನ ಸಮಯ ಹಿಂದೆ ಇದ್ದರೆ ಅಳಿಸುವ ಹಂತಕ್ಕೆ ಹೋಗದೆ ನಿಲ್ಲುವಂತೆ ಸರ್ವಿಸ್ ಫೈಲಿನಲ್ಲೋ (ಬ್ಯಾಕಪ್ಪನ್ನು ಹೇಗೆ ಓಡಿಸಬೇಕೆಂದು ಸಿಸ್ಟಂಗೆ ಹೇಳುವ ಫೈಲಿನಲ್ಲೋ) ಪ್ರೋಗ್ರಾಂನಲ್ಲೋ ತಡೆ ಇರಲಿ. ಸೆಲ್ಲಿಗೆ ಬುಧವಾರ ಪೇಠೆಯ ತಪ್ಕೀರ್ ಗಲ್ಲಿಗೆ ಹೋಗಿ ಸಿಆರ್2032 ಎಂದು ಕೇಳಿದರೆ ಸಾಕು.

ಇನ್‌ಸ್ಟಾಲ್ ಆಯಿತು, ಪ್ರೋಗ್ರಾಂ ಏಳುವುದಿಲ್ಲ

“ಜಿಲಿಬ್‌ಸಿ 2.34 ಸಿಗಲಿಲ್ಲ.” ಜಿಲಿಬ್‌ಸಿ ಎಂದರೆ ಹೆಚ್ಚಿನ ಲಿನಕ್ಸ್ ಪ್ರೋಗ್ರಾಂಗಳು ನೆಚ್ಚುವ ಮೂಲ ಸಿ ಲೈಬ್ರರಿ. ಈ ದೋಷ ಅಷ್ಟೊಂದು ಜನರಿಗೆ ಯಾಕೆ ಬರುತ್ತದೆ ಎಂದರೆ, 2021ರ ಆಗಸ್ಟಿನಲ್ಲಿ ಬಂದ ಜಿಲಿಬ್‌ಸಿ 2.34ರಲ್ಲಿ ಥ್ರೆಡ್ ಲೈಬ್ರರಿಯನ್ನು ಮುಖ್ಯ ಲೈಬ್ರರಿಗೇ ಸೇರಿಸಿದರು, ಪ್ರೋಗ್ರಾಂ ಶುರುವಾಗುವಾಗ ಕರೆಯುವ ಫಂಕ್ಷನ್ನಿಗೂ ಹೊಸ ಆವೃತ್ತಿಯ ಗುರುತು ಬಿತ್ತು. ಅಂದಿನಿಂದ ಹೊಸ ಸಿಸ್ಟಂನಲ್ಲಿ ಕಟ್ಟಿದ ಯಾವ ಸಿ ಪ್ರೋಗ್ರಾಂ ಆದರೂ, ಒಳಗೆ ಹೊಸದೇನನ್ನೂ ಬಳಸದಿದ್ದರೂ, ಹಳೇ ಸಿಸ್ಟಂನಲ್ಲಿ ಏಳುವುದಿಲ್ಲ. ಡೆಬಿಯನ್ 11ರಲ್ಲಿರುವುದು 2.31, ಉಬುಂಟು 22.04ರಲ್ಲಿ 2.35, ಡೆಬಿಯನ್ 12ರಲ್ಲಿ 2.36, ಉಬುಂಟು 24.04ರಲ್ಲಿ 2.39. ‘ಆಬ್ಜ್‌ಡಂಪ್’ ಕಮಾಂಡಿಗೆ ದೊಡ್ಡ ಟಿ ಆಯ್ಕೆ ಕೊಟ್ಟು ಓಡಿಸಿದರೆ ನಿಮ್ಮ ಬೈನರಿ (ಕಟ್ಟಿ ಸಿದ್ಧವಾದ ಪ್ರೋಗ್ರಾಂ ಫೈಲ್) ಯಾವ ಆವೃತ್ತಿ ಕೇಳುತ್ತಿದೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ನೀವು ಬೆಂಬಲಿಸುವ ಅತ್ಯಂತ ಹಳೇ ಡಿಸ್ಟ್ರೋದಲ್ಲೇ ಕಟ್ಟುವುದು ಪರಿಹಾರ. ಬೋರ್ಗ್ ಎಂಬ ಬ್ಯಾಕಪ್ ಪ್ರೋಗ್ರಾಂ ಯೋಜನೆಯವರು ತಮ್ಮ ಸಿದ್ಧ ಬೈನರಿಗಳ ಹೆಸರಿನಲ್ಲೇ ಜಿಲಿಬ್‌ಸಿ ಆವೃತ್ತಿ ಬರೆಯುತ್ತಾರೆ, ಬಳಕೆದಾರ ಡೌನ್‌ಲೋಡ್ ಮಾಡುವ ಮೊದಲೇ ತನಗೆ ಯಾವುದು ಎಂದು ನೋಡಿಕೊಳ್ಳಬಹುದು. ರೆಸ್ಟಿಕ್ ಎಂಬ ಇನ್ನೊಂದು ಬ್ಯಾಕಪ್ ಪ್ರೋಗ್ರಾಂ ಗೋ ಭಾಷೆಯಲ್ಲಿದೆ, ಹೊರಗಿನ ಲೈಬ್ರರಿ ಕೇಳದ ಒಂದೇ ಸ್ಥಿರ ಬೈನರಿಯಾಗಿ ಬರುವುದರಿಂದ ಈ ಗೋಳು ಅದಕ್ಕಿಲ್ಲ.

ಪೈಥಾನ್‌ನಲ್ಲಿ ಬರೆದದ್ದಾದರೆ “ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲ್ ಇಲ್ಲ” ಎಂಬುದು ಪೈಥಾನ್ 3.12ರ ಗುರುತು, 2023ರ ಅಕ್ಟೋಬರಿನಲ್ಲಿ ಬಂದ ಆ ಆವೃತ್ತಿ ಅದನ್ನು ಕಿತ್ತುಹಾಕಿತು. ಆರ್ಚ್‌ನಲ್ಲಿ ಪ್ರೋಗ್ರಾಂ ನಿನ್ನೆವರೆಗೆ ಓಡಿ ಇವತ್ತು “ಮಾಡ್ಯೂಲ್ ಇಲ್ಲ” ಎಂದರೆ ಪೈಥಾನ್ ಮೇಲಿನ ಆವೃತ್ತಿಗೆ ಏರಿದೆ, ಮಾಡ್ಯೂಲ್‌ಗಳ ಫೋಲ್ಡರಿನ ಹೆಸರಿನಲ್ಲೇ ಆವೃತ್ತಿ ಇರುವುದರಿಂದ ಹಳೆಯ ಜಾಗ ಯಾರೂ ನೋಡುತ್ತಿಲ್ಲ. ಎಯುಆರ್ ಪ್ಯಾಕೇಜನ್ನು ಮತ್ತೆ ಕಟ್ಟಿದರೆ ಮುಗಿಯಿತು.

ಕೈಯಲ್ಲಿ ಓಡುತ್ತದೆ, ರಾತ್ರಿ ಓಡುವುದಿಲ್ಲ

ಹೆಚ್ಚು ಜನರ ಫೈಲುಗಳು ಹೋಗುವುದು ಇಲ್ಲಿ. ನಿಧಾನವಾಗಿ ಓದಿ.

ಮೊದಲು ‘ಸಿಸ್ಟಂಸಿಟಿಎಲ್ ಲಿಸ್ಟ್-ಟೈಮರ್ಸ್’ ಓಡಿಸಲು ಹೇಳಿ. ಪಟ್ಟಿಯಲ್ಲಿ ನಮ್ಮ ಟೈಮರ್ ಹೆಸರೇ ಇಲ್ಲದಿದ್ದರೆ ಅದು ಚಾಲೂ ಆಗಿಲ್ಲ. ಡೆಬಿಯನ್‌ನಲ್ಲಿ ಡೆಬ್ ಕಟ್ಟಲು ನೆರವಾಗುವ ಡೆಬ್‌ಹೆಲ್ಪರ್, ನಮ್ಮ ಪ್ಯಾಕೇಜನ್ನು ಹಾಕಿದ ಕೂಡಲೇ ಟೈಮರ್ ತಾನೇ ಚಾಲೂ ಆಗುವಂತೆ ಮಾಡುತ್ತದೆ. ಫೆಡೋರಾದ ನೀತಿ ಬೇರೆ: ಪ್ರಿಸೆಟ್ ಪಟ್ಟಿಯಲ್ಲಿ ಹೆಸರಿಲ್ಲದ ಯಾವ ಸೇವೆಯೂ ತಾನಾಗಿ ಚಾಲೂ ಆಗಕೂಡದು. ಎರಡೂ ಕಡೆ ಒಂದೇ ಟೈಮರ್ ಫೈಲ್, ಒಂದು ಕಡೆ ರಾತ್ರಿ ಬ್ಯಾಕಪ್ ಆಗುತ್ತದೆ, ಇನ್ನೊಂದು ಕಡೆ ಆಗುವುದಿಲ್ಲ. ಫೆಡೋರಾದ ನೀತಿಯನ್ನು ಬಗ್ಗಿಸಲು ಹೋಗಬೇಡಿ. ಪ್ರೋಗ್ರಾಂ ಮೊದಲ ಸಲ ತೆರೆದಾಗ “ರಾತ್ರಿಯ ಬ್ಯಾಕಪ್ ಇನ್ನೂ ಚಾಲೂ ಆಗಿಲ್ಲ” ಎಂದು ದೊಡ್ಡದಾಗಿ ತೋರಿಸುವುದೇ ಸರಿಯಾದ ದಾರಿ.

ಟೈಮರ್ ಇದೆ, ಆದರೆ ಓಡಿದ ದಾಖಲೆ ಇಲ್ಲ ಎಂದರೆ ರಾತ್ರಿ ಎರಡಕ್ಕೆ ಕಂಪ್ಯೂಟರ್ ಆಫ್ ಇತ್ತು. ಅಂಗಡಿ, ಕಚೇರಿಗಳಲ್ಲಿ ಬಾಗಿಲು ಹಾಕುವಾಗ ಮೇನ್ ಸ್ವಿಚ್ಚೇ ತೆಗೆಯುತ್ತಾರೆ. ಟೈಮರ್ ಫೈಲಿನಲ್ಲಿ ‘ಪರ್ಸಿಸ್ಟೆಂಟ್’ ಎಂಬುದಕ್ಕೆ ‘ಟ್ರೂ’ ಬರೆದಿದ್ದರೆ ಬೆಳಿಗ್ಗೆ ಕಂಪ್ಯೂಟರ್ ಎದ್ದ ಕೂಡಲೇ ತಪ್ಪಿಹೋದ ಬ್ಯಾಕಪ್ ಓಡುತ್ತದೆ. ಈ ಒಂದು ಸಾಲು ಇಲ್ಲದ ಬ್ಯಾಕಪ್ ಪ್ಯಾಕೇಜನ್ನು ನಾನು ಬಿಡುಗಡೆಗೆ ಒಪ್ಪುವುದಿಲ್ಲ. ಬಳಕೆದಾರನ ಸ್ವಂತ ಟೈಮರ್ ಆದರೆ ಅವನು ಲಾಗಿನ್ ಆಗಿರುವಾಗ ಮಾತ್ರ ಓಡುತ್ತದೆ, ಉಳಿದ ಹೊತ್ತಿಗೂ ಬೇಕೆಂದರೆ ‘ಲಾಗಿನ್‌ಸಿಟಿಎಲ್’ನಿಂದ ಲಿಂಗರ್ ಚಾಲೂ ಮಾಡಿಸಬೇಕು.

ಟೈಮರ್ ಓಡಿದೆ, ಸರ್ವಿಸ್ ಬಿದ್ದಿದೆ ಎಂದರೆ ‘ಜರ್ನಲ್‌ಸಿಟಿಎಲ್’ ಕಮಾಂಡಿನಿಂದ ಲಾಗ್ ನೋಡಿ. ಸಿಸ್ಟಂಡಿ (ಲಿನಕ್ಸಿನಲ್ಲಿ ಸರ್ವಿಸ್, ಟೈಮರ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಓಡಿಸುವ ಸೇವೆಗೆ ‘ಯೂಸರ್’ ಸಾಲು ಇಲ್ಲದಿದ್ದರೆ ‘ಹೋಮ್’ ವೇರಿಯಬಲ್ ಸಿಗದೆ ಇರಬಹುದು. ಟರ್ಮಿನಲ್‌ನಲ್ಲಿ ಅದು ಯಾವಾಗಲೂ ಇರುತ್ತದೆ. ಪಾಸ್‌ವರ್ಡ್ ಫೈಲನ್ನೋ ಕ್ಯಾಶನ್ನೋ ಹೋಮ್ ಫೋಲ್ಡರಿನಲ್ಲಿ ಹುಡುಕುವ ಪ್ರೋಗ್ರಾಂ ಆಗ ದಾರಿ ತಪ್ಪುತ್ತದೆ. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತ ಸಂಪರ್ಕ) ಮೂಲಕ ಬೇರೆ ಊರಿನ ಸರ್ವರಿಗೆ ಕಳಿಸುವವರಿಗೂ ಹೀಗೇ: ಹಗಲು ಅವರ ಕೀಲಿ ಏಜೆಂಟಿನಲ್ಲಿ (ಕೀಲಿ ಹಿಡಿದಿಡುವ ಪ್ರೋಗ್ರಾಂನಲ್ಲಿ) ತೆರೆದಿರುತ್ತದೆ, ರಾತ್ರಿ ರೂಟ್ ಬಳಕೆದಾರನಿಗೆ (ಸಿಸ್ಟಂನ ಪೂರ್ಣ ಅಧಿಕಾರದ ಖಾತೆಗೆ) ಆ ಏಜೆಂಟೂ ಇಲ್ಲ, ಆ ಸರ್ವರಿನ ಗುರುತೂ ಇಲ್ಲ.

ಇನ್ನು, ಎಲ್ಲ ಹಸಿರಾಗಿ ಕಂಡೂ ಡಿಸ್ಕ್ ಖಾಲಿ ಇರುವ ದೋಷ. ಹೋಟೆಲಿನವರ ಫೋನ್ ಹೀಗೆ ಬಂದಿತ್ತು:

“ಎಂತ ಮಾರಾಯ್ರೇ, ದಿನಾ ಹಸಿರು ಟಿಕ್ ಬರ್ತದೆ, ಡಿಸ್ಕ್ ತೆಗ್ದು ಮನೇಲಿ ಹಾಕಿ ನೋಡಿದ್ರೆ ಒಂದು ಫೈಲೂ ಇಲ್ಲ!”

“ಡಿಸ್ಕ್ ರಾತ್ರಿಯೂ ಹಾಕಿಯೇ ಇರ್ತದಾ ಅಣ್ಣ, ಇಲ್ಲ ತೆಗ್ದು ಇಡ್ತೀರಾ?”

“ತೆಗ್ದು ಗಲ್ಲಾಪೆಟ್ಟಿಗೆಯಲ್ಲಿ ಇಡೂದು. ಹೊರಗೆ ಬಿಟ್ರೆ ಹುಡುಗ್ರು ಎಳ್ದು ಹಾಕ್ತಾರೆ. ಬೆಳಿಗ್ಗೆ ಬಂದು ನಾನೇ ಚುಚ್ತೇನಲ್ಲ.”

ಈ ಮೂರು ಸಾಲಿನಲ್ಲಿ ಕಾರಣ ಪೂರ್ತಿ ಇದೆ. ಉಬುಂಟುವಿನಲ್ಲಿ ಯುಎಸ್‌ಬಿ ಡಿಸ್ಕ್ ಮೀಡಿಯಾ ಫೋಲ್ಡರಿನಡಿ ಬಳಕೆದಾರನ ಹೆಸರು, ಅದರಡಿ ಡಿಸ್ಕಿನ ಹೆಸರು, ಹೀಗೆ ಮೌಂಟ್ ಆಗುತ್ತದೆ. ಡಿಸ್ಕ್ ಇಲ್ಲದಾಗ ಟೈಮರ್ ಓಡಿತು. ಗುರಿಯ ಫೋಲ್ಡರ್ ಕಾಣಲಿಲ್ಲ, ರೂಟ್ ಅಧಿಕಾರದಲ್ಲಿದ್ದ ಪ್ರೋಗ್ರಾಂ ಅದೇ ಹೆಸರಿನ ಫೋಲ್ಡರ್ ಸೃಷ್ಟಿಸಿ ಒಳಗಿನ ಡಿಸ್ಕಿಗೇ ಬ್ಯಾಕಪ್ ಬರೆದು “ಯಶಸ್ವಿ” ಎಂದಿತು. ಬೆಳಿಗ್ಗೆ ಯುಎಸ್‌ಬಿ ಡಿಸ್ಕ್ ಚುಚ್ಚಿದಾಗ ಆ ಹೆಸರಿನ ಫೋಲ್ಡರ್ ಆಗಲೇ ಇರುವುದರಿಂದ, ಡಿಸ್ಕ್ ಮೌಂಟ್ ಮಾಡುವ ಯುಡಿಸ್ಕ್ಸ್ ಎಂಬ ಪ್ರೋಗ್ರಾಂ ಫೋಲ್ಡರ್ ಹೆಸರಿನ ಕೊನೆಗೆ 1 ಸೇರಿಸಿ ಪಕ್ಕದಲ್ಲಿ ಮೌಂಟ್ ಮಾಡಿತು. ಅಲ್ಲಿಂದ ಮುಂದೆ ಡಿಸ್ಕ್ ಹಾಕಿರಲಿ ಬಿಡಲಿ, ಬ್ಯಾಕಪ್ ಹೋಗುವುದು ಒಳಗಿನ ಡಿಸ್ಕಿಗೇ. ಯಾವ ಡಿಸ್ಕ್ ಸತ್ತರೆ ಕಾಪಾಡಬೇಕೋ ಆ ಡಿಸ್ಕಿನ ಮೇಲೆಯೇ ಬ್ಯಾಕಪ್ ಕುಳಿತಿರುತ್ತದೆ.

ಖಚಿತಪಡಿಸಿಕೊಳ್ಳಲು ಗುರಿಯ ಫೋಲ್ಡರಿನ ಮೇಲೆ ‘ಫೈಂಡ್‌ಎಂಎನ್‌ಟಿ’ಯನ್ನು ದೊಡ್ಡ ಟಿ ಆಯ್ಕೆಯೊಂದಿಗೆ ಓಡಿಸಿ. ಅದು ರೂಟ್ ಡಿಸ್ಕಿನ ಹೆಸರು ಹೇಳಿದರೆ ಇದೇ ದೋಷ. ಮೀಡಿಯಾ ಫೋಲ್ಡರಿನಲ್ಲಿ ಒಂದೇ ಹೆಸರಿನ ಜೋಡಿ, ಒಂದಕ್ಕೆ 1ರ ಬಾಲ, ಕಾಣುವುದು ಇನ್ನೊಂದು ಗುರುತು. ಸರಿಪಡಿಸುವಾಗ ಆ ಹುಸಿ ಫೋಲ್ಡರನ್ನು ಕೂಡಲೇ ಅಳಿಸಬೇಡಿ, ಇರುವ ಏಕೈಕ ಬ್ಯಾಕಪ್ ಅದೇ ಆಗಿರಬಹುದು. ಮೊದಲು ಅದನ್ನು ಹೊರಗಿನ ಡಿಸ್ಕಿಗೆ ಸಾಗಿಸಿ, ರಿಸ್ಟೋರ್ ಮಾಡಿ ನೋಡಿ, ಆಮೇಲೆ ತೆಗೆಯಿರಿ. ಡಿಸ್ಕನ್ನು ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂಬ ಪಟ್ಟಿಯ ಫೈಲಿನಲ್ಲಿ) ಅದರದೇ ಯುಯುಐಡಿ ಗುರುತಿನಿಂದ, ಡಿಸ್ಕ್ ಇಲ್ಲದಿದ್ದರೂ ಕಂಪ್ಯೂಟರ್ ಏಳುವಂತೆ ‘ನೋಫೇಲ್’ ಆಯ್ಕೆಯೊಂದಿಗೆ, ಒಂದು ಸ್ಥಿರ ಜಾಗಕ್ಕೆ ಕಟ್ಟಿಹಾಕಿ.

ಪ್ಯಾಕೇಜಿನ ಕಡೆಯಿಂದ ಮಾಡಬೇಕಾದದ್ದು: ಸರ್ವಿಸ್ ಫೈಲಿನ ‘ಎಕ್ಸೆಕ್‌ಸ್ಟಾರ್ಟ್‌ಪ್ರೀ’ ಸಾಲಿನಲ್ಲಿ ‘ಮೌಂಟ್‌ಪಾಯಿಂಟ್’ ಕಮಾಂಡ್ ಇಡಿ. ಡಿಸ್ಕ್ ಇಲ್ಲದಿದ್ದರೆ ಸರ್ವಿಸ್ ‘ಫೇಲ್ಡ್’ ಆಗುತ್ತದೆ, ‘ಆನ್‌ಫೇಲ್ಯೂರ್’ ಸಾಲಿಗೆ ಕಟ್ಟಿದ ಎಚ್ಚರಿಕೆ ಹೋಗುತ್ತದೆ. ಇದೇ ಕೆಲಸಕ್ಕೆ ‘ಕಂಡೀಷನ್‌ಪಾತ್‌ಈಸ್‌ಮೌಂಟ್‌ಪಾಯಿಂಟ್’ ಎಂಬ ಸೊಗಸಾದ ಆಯ್ಕೆಯೂ ಇದೆ, ಆದರೆ ಷರತ್ತು ಈಡೇರದಿದ್ದರೆ ಸಿಸ್ಟಂಡಿ ಸದ್ದಿಲ್ಲದೆ ಆ ಸರ್ವಿಸನ್ನು ಹಾರಿಸಿಬಿಡುತ್ತದೆ, ಫೇಲ್ ಎಂದು ಎಣಿಸುವುದಿಲ್ಲ. ಬ್ಯಾಕಪ್‌ಗೆ ಆ ಮೌನ ಬೇಡ. ಉಬುಂಟು, ಡೆಬಿಯನ್‌ಗಳಲ್ಲಿ ಮೀಡಿಯಾ ಫೋಲ್ಡರ್, ಫೆಡೋರಾ, ಆರ್ಚ್‌ಗಳಲ್ಲಿ ರನ್ ಫೋಲ್ಡರಿನ ಕೆಳಗಿನ ಮೀಡಿಯಾ ಎಂಬ ವ್ಯತ್ಯಾಸವನ್ನೂ ನೆನಪಿಡಿ. ಒಂದು ಕಡೆಯ ಕಾನ್ಫಿಗ್ ಇನ್ನೊಂದು ಕಡೆಗೆ ನಕಲು ಮಾಡಿದಾಗಲೂ ಇದೇ ಬಲೆಗೆ ಬೀಳುತ್ತಾರೆ.

ಕನ್ನಡ ಹೆಸರಿನ ಫೈಲುಗಳು ಮಾತ್ರ ಬಿಟ್ಟುಹೋಗುತ್ತಿದ್ದರೆ

ಇದನ್ನು ನಾವು ಹುಡುಕದಿದ್ದರೆ ಬೇರೆ ಯಾರೂ ಹುಡುಕುವುದಿಲ್ಲ. ಬಿಡುಗಡೆಗೆ ಮುಂಚೆ ಪರೀಕ್ಷೆ ಮಾಡುವವರಲ್ಲಿ ಹೆಚ್ಚಿನವರ ಫೈಲುಗಳ ಹೆಸರು ಇಂಗ್ಲಿಷಿನಲ್ಲೇ ಇರುತ್ತವೆ.

ಮೊದಲನೆಯದು ಲೊಕೇಲ್, ಅಂದರೆ ಭಾಷೆ ಮತ್ತು ಅಕ್ಷರಗಳ ಸೆಟ್ಟಿಂಗ್. ಸಣ್ಣ ಸರ್ವರುಗಳಲ್ಲಿ, ಕಂಟೇನರುಗಳಲ್ಲಿ, ಕ್ರಾನ್‌ನಿಂದ (ಹೊತ್ತಿಗೆ ಕೆಲಸ ಓಡಿಸುವ ಇನ್ನೊಂದು ವ್ಯವಸ್ಥೆಯಿಂದ) ಓಡುವಾಗ, ಭಾಷೆಯ ಸೆಟ್ಟಿಂಗ್ ಬರೀ ‘ಸಿ’ ಆಗಿರಬಹುದು. ಪೈಥಾನ್ 3.7ರಿಂದ ಈಚೆಗೆ ಅಂಥ ಕಡೆಯೂ ಯುಟಿಎಫ್-8 (ಕನ್ನಡವನ್ನೂ ಬೈಟ್‌ಗಳಲ್ಲಿ ಬರೆಯಬಲ್ಲ ಪದ್ಧತಿ) ಎಂದೇ ಹಿಡಿಯುತ್ತದೆ. ಅದಕ್ಕಿಂತ ಹಳೆಯದರಲ್ಲಿ “ಆಸ್ಕಿ ಕೋಡೆಕ್‌ಗೆ ಆಗುವುದಿಲ್ಲ” ಎಂದು ಬೀಳುತ್ತದೆ. ಜಾವಾದಲ್ಲಿ ಬರೆದದ್ದಾದರೆ ಕನ್ನಡದ ಅಕ್ಷರಗಳು ಪ್ರಶ್ನೆಚಿಹ್ನೆಗಳಾಗಿ ಮಾರ್ಪಟ್ಟು, ಕಣ್ಣೆದುರಿರುವ ಫೈಲನ್ನೇ “ಇಂಥ ಫೈಲ್ ಇಲ್ಲ” ಎನ್ನುತ್ತದೆ. ಸರ್ವಿಸ್ ಫೈಲಿನಲ್ಲೇ ‘ಲ್ಯಾಂಗ್’ ವೇರಿಯಬಲ್ಲಿಗೆ ಸಿ-ಯುಟಿಎಫ್-8 ಕೊಡಿ. ಬಳಕೆದಾರನ ಕನ್ನಡ ಲೊಕೇಲನ್ನು ನೆಚ್ಚಬೇಡಿ, ಆ ಲೊಕೇಲ್ ಅವನ ಸಿಸ್ಟಂನಲ್ಲಿ ಜನರೇಟ್ ಆಗಿರದಿದ್ದರೆ ಮತ್ತೆ ‘ಸಿ’ಗೇ ಬೀಳುತ್ತದೆ.

ಎರಡನೆಯದು ಉದ್ದ. ಲಿನಕ್ಸಿನ ಇಎಕ್ಸ್‌ಟಿ4 ಫೈಲ್‌ಸಿಸ್ಟಂನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ ಮಿತಿ 255 ಯುಟಿಎಫ್-16 ಘಟಕಗಳು. ಇಂಗ್ಲಿಷಿಗೆ ಎರಡೂ ಒಂದೇ. ಕನ್ನಡದಲ್ಲಿ ಪ್ರತಿ ಸಂಕೇತಕ್ಕೂ (ಯುನಿಕೋಡ್ ಪಟ್ಟಿಯ ಒಂದೊಂದು ಅಕ್ಷರ ಅಥವಾ ಚಿಹ್ನೆಗೂ) ಯುಟಿಎಫ್-8ನಲ್ಲಿ 3 ಬೈಟ್, ಅಂದರೆ ಇಎಕ್ಸ್‌ಟಿ4ನಲ್ಲಿ 85 ಸಂಕೇತಕ್ಕೆ ಜಾಗ ಮುಗಿಯಿತು. ಒತ್ತಕ್ಷರ, ಗುಣಿತ ಎಲ್ಲವೂ ಬೇರೆ ಬೇರೆ ಸಂಕೇತ: ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 6 ಸಂಕೇತ, 18 ಬೈಟ್. ‘ಕಾರ್ಯಕಾರಿ ಸಮಿತಿ ಸಭೆಯ ನಡಾವಳಿ’ ಎಂಬ ಸಾಧಾರಣ ಹೆಸರು 75 ಬೈಟ್ ತಿನ್ನುತ್ತದೆ, ಅದಕ್ಕೆ ದಿನಾಂಕ, ಸ್ಥಳ, “ಅಂತಿಮ ಪ್ರತಿ”, “ತಿದ್ದಿದ್ದು” ಸೇರಿಸುತ್ತಾ ಹೋದರೆ ಮಿತಿ ದೂರವಿಲ್ಲ. ವಿಂಡೋಸ್ ಡಿಸ್ಕಿನಲ್ಲಿ ಸುಖವಾಗಿದ್ದ ಫೈಲ್ ಲಿನಕ್ಸ್ ಡಿಸ್ಕಿಗೆ ಬರುವಾಗ “ಹೆಸರು ಅತಿ ಉದ್ದ” ಎಂದು ಬಿಟ್ಟುಹೋಗುತ್ತದೆ. ಹೆಸರುಗಳನ್ನೂ ಎನ್‌ಕ್ರಿಪ್ಟ್ ಮಾಡುವ ಇಕ್ರಿಪ್ಟ್‌ಎಫ್‌ಎಸ್ ಗುರಿಯಾದರೆ ಮಿತಿ 143 ಬೈಟಿಗೆ ಇಳಿಯುತ್ತದೆ, ಕನ್ನಡದಲ್ಲಿ 47 ಸಂಕೇತ. ಅಂಥ ಫೈಲ್ ಸಿಕ್ಕಾಗ ಪ್ರೋಗ್ರಾಂ ಉಳಿದದ್ದನ್ನು ಮುಂದುವರಿಸಲಿ, ಆದರೆ ಕೊನೆಯಲ್ಲಿ ಸೊನ್ನೆಯಲ್ಲದ ಎಕ್ಸಿಟ್ ಕೋಡ್ (ಸೊನ್ನೆ ಎಂದರೆ ಯಶಸ್ಸು) ಕೊಟ್ಟೇ ಮುಗಿಸಲಿ.

ಮೂರನೆಯದು ಕಣ್ಣಿಗೆ ಕಾಣುವುದೇ ಇಲ್ಲ. ‘ಕೋಶ’ ಎಂಬ ಫೋಲ್ಡರನ್ನು ಬ್ಯಾಕಪ್ಪಿನಿಂದ ಹೊರಗಿಡಿ ಎಂದು ನಿಯಮ ಬರೆದರೂ ಅದು ಒಳಗೆ ಬರುತ್ತದೆ, ಅಥವಾ ರಿಸ್ಟೋರ್ ಮಾಡುವಾಗ ಹೆಸರು ಟೈಪಿಸಿದರೆ ಸಿಗುವುದಿಲ್ಲ. ಡಿಟಿಪಿ ಅಂಗಡಿಯಲ್ಲಿ ಹಳೇ ಮ್ಯಾಕ್ ಇದ್ದರೆ ಇದನ್ನು ಮೊದಲು ಅನುಮಾನಿಸಿ. ಯುನಿಕೋಡಿನಲ್ಲಿ ‘ೋ’ ಗುಣಿತವನ್ನು ಒಂದೇ ಸಂಕೇತವಾಗಿ ಬರೆಯಬಹುದು, ‘ೆ’, ‘ೂ’, ‘ೕ’ ಎಂಬ ಮೂರು ತುಣುಕಾಗಿಯೂ ಬರೆಯಬಹುದು. ನಮ್ಮ ಕೀಬೋರ್ಡ್‌ಗಳು ಸಾಮಾನ್ಯವಾಗಿ ಮೊದಲನೆಯದನ್ನು ಕೊಡುತ್ತವೆ, ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿ ಎರಡನೆಯ ರೂಪದಲ್ಲಿ ಇಡುತ್ತದೆ. ‘ೀ’, ‘ೇ’, ‘ೈ’, ‘ೊ’ ಇವಕ್ಕೂ ಇದೇ ಗತಿ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಲಿನಕ್ಸಿಗೆ ಎರಡೂ ಬೇರೆ ಹೆಸರು. ಹೆಸರನ್ನು ‘ಹೆಕ್ಸ್‌ಡಂಪ್’ಗೆ ಕೊಟ್ಟು ಬೈಟ್ ಎಣಿಸಿ: ‘ಕೋಶ’ ಕೂಡಿಸಿದ ರೂಪದಲ್ಲಿ 9 ಬೈಟ್, ಬಿಡಿಸಿದ ರೂಪದಲ್ಲಿ 15. ‘ಪ್ಯಾಕೇಜ್‌ಗಳು’ ಎಂಬಂಥ ಹೆಸರಿನಲ್ಲಿ ‘ಜ್’ ಮತ್ತು ‘ಗ’ ನಡುವೆ ಅಡಗಿರುವ ಶೂನ್ಯ ಅಗಲದ ಸಂಕೇತಕ್ಕೂ 3 ಬೈಟ್ ಇದೆ. ಅದನ್ನು ಹಾಕದೆ ಟೈಪಿಸಿದರೆ ಹೊಂದುವುದಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದನ್ನು “ಸರಿಪಡಿಸಲು” ಬ್ಯಾಕಪ್ ಪ್ರೋಗ್ರಾಂ ಹೆಸರನ್ನು ಒಂದೇ ರೂಪಕ್ಕೆ ಬದಲಾಯಿಸಿ ಶೇಖರಿಸಕೂಡದು. ಹಾಗೆ ಮಾಡಿದರೆ ಒಂದೇ ಥರ ಕಾಣುವ ಎರಡು ಫೈಲುಗಳಲ್ಲಿ ಒಂದು ಇನ್ನೊಂದರ ಮೇಲೆ ಕುಳಿತು ಅದನ್ನು ಅಳಿಸುತ್ತದೆ. ಶೇಖರಣೆಯಲ್ಲಿ ಬೈಟ್‌ಗೆ ಬೈಟ್ ಹಾಗೆಯೇ ಇರಲಿ, ಹುಡುಕುವಾಗ, ಹೊರಗಿಡುವ ನಿಯಮ ಹೋಲಿಸುವಾಗ ಮಾತ್ರ ಎರಡನ್ನೂ ಒಂದೇ ರೂಪಕ್ಕೆ ತಂದು ನೋಡಿ. ಪ್ಯಾಕೇಜ್ ಮಾಡುವವರು ಯಾರಾದರೂ ಬೇರೆ ರೀತಿಯ ಪ್ಯಾಚ್ ಹಾಕಿದ್ದರೆ ಅದನ್ನು ತೆಗೆಸಿ.

ಫ್ಲಾಟ್‌ಪ್ಯಾಕ್ ಹಾಕಿಕೊಂಡವರಿಗೆ

ಫ್ಲಾಟ್‌ಪ್ಯಾಕ್‌ನಲ್ಲಿ ಪ್ರೋಗ್ರಾಂ ಗೋಡೆಯೊಳಗೆ ಇರುತ್ತದೆ. ‘ಹೋಸ್ಟ್’ ಎಂಬ ಪೂರ್ತಿ ಅನುಮತಿ ಕೊಟ್ಟರೂ ಈಟಿಸಿ, ಯುಎಸ್‌ಆರ್ ಫೋಲ್ಡರುಗಳ ಜಾಗದಲ್ಲಿ ಅದಕ್ಕೆ ಕಾಣುವುದು ತನ್ನದೇ ರನ್‌ಟೈಮ್, ನಿಮ್ಮ ಸಿಸ್ಟಂನದಲ್ಲ. ರೂಟ್ ಅಧಿಕಾರವೂ ಸಿಗುವುದಿಲ್ಲ, ಹೊರಗಿನ ಸಿಸ್ಟಂನಲ್ಲಿ ಟೈಮರ್ ಫೈಲ್ ಇಡಲೂ ಬರುವುದಿಲ್ಲ. ಹೋಮ್ ಫೋಲ್ಡರಿನ ಬ್ಯಾಕಪ್ಪಿಗೆ ಫ್ಲಾಟ್‌ಪ್ಯಾಕ್ ಸಾಕು. ಇಡೀ ಸಿಸ್ಟಂ ಉಳಿಸಬೇಕಾದವರಿಗೆ ಡೆಬ್ ಅಥವಾ ಆರ್‌ಪಿಎಂ ಕೊಡಿ, ಫ್ಲಾಟ್‌ಪ್ಯಾಕ್ ವಿವರಣೆಯಲ್ಲೇ ಇದನ್ನು ಮೊದಲ ಸಾಲಿನಲ್ಲಿ ಬರೆಯಿರಿ.

ಅಪ್‌ಡೇಟ್ ಬಂದ ಮೇಲೆ ಕೆಟ್ಟರೆ, ಅಥವಾ ಬರದೇ ಇದ್ದರೆ

ಪರೀಕ್ಷೆಗೆಂದು ಕೊಟ್ಟ ಆರ್‌ಸಿ (ಅಂತಿಮ ಬಿಡುಗಡೆಗೆ ಮುಂಚಿನ ಆವೃತ್ತಿ) ಹಾಕಿಕೊಂಡವರಿಗೆ ಅಂತಿಮ ಬಿಡುಗಡೆ ಬರುವುದೇ ಇಲ್ಲ ಎಂಬ ದೂರು ಸಾಮಾನ್ಯ. ಡೆಬ್‌ನ ಆವೃತ್ತಿಯನ್ನು ‘2.0-ಆರ್‌ಸಿ1’ ಎಂದು ಬರೆದಿದ್ದರೆ, ಡಿಪಿಕೆಜಿಯ ಲೆಕ್ಕದಲ್ಲಿ ಅದು ‘2.0-1’ಕ್ಕಿಂತ ಹೊಸದು, ಏಕೆಂದರೆ ಹೈಫನ್ ಆದಮೇಲಿನದು ಪ್ಯಾಕೇಜಿನ ಪರಿಷ್ಕರಣೆ, ಅಲ್ಲಿ ಅಕ್ಷರ ಬಂದರೆ ಮುಂದಿನ ಸ್ಥಾನ. ಟಿಲ್ಡೆ ಬಳಸಿ ‘2.0~ಆರ್‌ಸಿ1’ ಎಂದು ಬರೆಯಬೇಕು, ಟಿಲ್ಡೆ ಎಲ್ಲಕ್ಕಿಂತ ಹಿಂದೆ ನಿಲ್ಲುತ್ತದೆ. ಆರ್‌ಪಿಎಂಗೂ ಟಿಲ್ಡೆ ಅರ್ಥವಾಗುತ್ತದೆ. ತಪ್ಪು ಆಗಲೇ ಹೊರಗೆ ಹೋಗಿದ್ದರೆ ಎಪಾಕ್ (ಆವೃತ್ತಿಯ ಮುಂದೆ ಇಟ್ಟು ಅದನ್ನು ಹಳೆಯದೆಲ್ಲಕ್ಕಿಂತ ಹೊಸದಾಗಿಸುವ ಅಂಕಿ) ಸೇರಿಸುವ ಬದಲು 2.0.1 ಬಿಡುಗಡೆ ಮಾಡಿ. ಎಪಾಕ್ ಒಮ್ಮೆ ಹಾಕಿದರೆ ಆ ಪ್ಯಾಕೇಜ್ ಇರುವವರೆಗೂ ತೆಗೆಯಲು ಬರುವುದಿಲ್ಲ.

ಅಪ್‌ಡೇಟ್ ಆದಮೇಲೆ ಹೊಸ ಸೆಟ್ಟಿಂಗ್ ಕೆಲಸ ಮಾಡುತ್ತಿಲ್ಲ ಎಂದರೆ ಈಟಿಸಿ ಫೋಲ್ಡರಿನಲ್ಲಿ ಡಿಪಿಕೆಜಿ-ಡಿಸ್ಟ್ ಅಥವಾ ಆರ್‌ಪಿಎಂ-ನ್ಯೂ ಬಾಲದ ಫೈಲ್ ಇದೆಯೇ ನೋಡಿ. ಬಳಕೆದಾರ ತಿದ್ದಿದ ಹಳೆಯ ಕಾನ್ಫಿಗ್ ಉಳಿದು ಹೊಸದು ಪಕ್ಕಕ್ಕೆ ಕುಳಿತಿರುತ್ತದೆ.

ಪ್ಯಾಕೇಜ್ ತೆಗೆಯುವಾಗ ಓಡುವ ಸ್ಕ್ರಿಪ್ಟನ್ನು ಒಮ್ಮೆ ಸಾಲುಸಾಲಾಗಿ ಓದಿ. ಡೆಬಿಯನ್‌ನ ‘ಪರ್ಜ್’ ಕಾನ್ಫಿಗ್ ಮತ್ತು ಪ್ಯಾಕೇಜಿನ ಡೇಟಾ ಅಳಿಸುತ್ತದೆ. ಬ್ಯಾಕಪ್ ರೆಪಾಸಿಟರಿಯ ಪೂರ್ವನಿಯೋಜಿತ ಜಾಗ ವಾರ್‌-ಲಿಬ್ ಅಡಿಯಲ್ಲಿದ್ದು ಸ್ಕ್ರಿಪ್ಟ್ ಆ ಫೋಲ್ಡರನ್ನು ಪೂರ್ತಿ ಅಳಿಸಿದರೆ, “ತೆಗೆದು ಮತ್ತೆ ಹಾಕಿ ನೋಡಿ” ಎಂಬ ಒಳ್ಳೆಯ ಮನಸ್ಸಿನ ಸಲಹೆಯೇ ಎಲ್ಲ ಬ್ಯಾಕಪ್ಪನ್ನೂ ನುಂಗುತ್ತದೆ. ಬಳಕೆದಾರನ ಬ್ಯಾಕಪ್ಪನ್ನು ಯಾವ ಪ್ಯಾಕೇಜ್ ಸ್ಕ್ರಿಪ್ಟೂ ಮುಟ್ಟಬಾರದು, ಇದಕ್ಕೆ ವಿನಾಯಿತಿ ಇಲ್ಲ.

ಮೂಲ ಟಾರ್‌ಬಾಲೇ ತಪ್ಪಿದ್ದರೆ

ಬೇರೆ ಬೇರೆ ಡಿಸ್ಟ್ರೋದವರು ಒಂದೇ ದಿನ “ಚೆಕ್‌ಸಮ್ (ಫೈಲ್ ಬದಲಾಗಿದೆಯೇ ಎಂದು ತಿಳಿಸುವ ಸಂಖ್ಯೆ) ಹೊಂದುತ್ತಿಲ್ಲ” ಎಂದರೆ ಬಿಡುಗಡೆ ಮಾಡಿದವರ ಕಡೆ ತಿರುಗಿ. ಬಿಡುಗಡೆಯಾದ ಟ್ಯಾಗನ್ನು (ಕೋಡಿನ ದಾಖಲೆ ಇಡುವ ಗಿಟ್‌ನಲ್ಲಿ ಆವೃತ್ತಿಗೆ ಹಾಕಿದ ಗುರುತನ್ನು) ಯಾರೋ ಸಣ್ಣ ತಿದ್ದುಪಡಿಗೆಂದು ಮುಂದಕ್ಕೆ ಸರಿಸಿದ್ದಾರೆ, ಅಥವಾ ಟಾರ್‌ಬಾಲನ್ನು (ಮೂಲ ಕೋಡನ್ನು ಕುಗ್ಗಿಸಿ ಕಟ್ಟಿದ ಫೈಲನ್ನು) ಆ ಕ್ಷಣಕ್ಕೆ ಹುಟ್ಟಿಸುವ ತಾಣದಲ್ಲಿ ಏನೋ ಬದಲಾಗಿದೆ. 2023ರ ಜನವರಿ 30ರಂದು ಗಿಟ್‌ಹಬ್‌ನಲ್ಲಿ ಗಿಟ್‌ನ ಹೊಸ ಆವೃತ್ತಿ ಬಂದು ಕುಗ್ಗಿಸುವ ವಿಧಾನ ಬದಲಾದಾಗ ಒಳಗಿನ ಕೋಡ್ ಒಂದಕ್ಷರ ಬದಲಾಗದಿದ್ದರೂ ಚೆಕ್‌ಸಮ್‌ಗಳು ಬದಲಾದವು, ಆಮೇಲೆ ಅವರು ಅದನ್ನು ಹಿಂದೆಗೆದುಕೊಂಡರು. ನಿಮ್ಮ ಟಾರ್‌ಬಾಲ್ ನೀವೇ ಕಟ್ಟಿ, ಸಹಿ ಹಾಕಿ, ಏರಿಸಿ. ಟ್ಯಾಗ್ ಎಂದೂ ಸರಿಸಬೇಡಿ.

ಕಟ್ಟಿದ ಟಾರ್‌ಬಾಲ್ ಗಿಟ್‌ನಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ನೋಡುವುದು 2024ರ ಮಾರ್ಚ್ 29ರ ನಂತರ ಐಚ್ಛಿಕವಲ್ಲ. ಅಂದು ಆಂಡ್ರೆಸ್ ಫ್ರಾಯ್ಂಡ್ ಬಯಲಿಗೆಳೆದ ಎಕ್ಸ್‌ಜೆಡ್ 5.6.0 ಮತ್ತು 5.6.1ರ ಹಿಂಬಾಗಿಲನ್ನು ಚಾಲೂ ಮಾಡುವ ಬಿಲ್ಡ್ ಸ್ಕ್ರಿಪ್ಟಿನ ತುಣುಕು ಟಾರ್‌ಬಾಲಿನಲ್ಲಿತ್ತು, ಗಿಟ್‌ನಲ್ಲಿ ಇರಲಿಲ್ಲ. ಬ್ಯಾಕಪ್ ಪ್ರೋಗ್ರಾಂ ರೂಟ್ ಅಧಿಕಾರದಲ್ಲಿ ಎಲ್ಲ ಫೈಲನ್ನೂ ಓದುತ್ತದೆ, ನಮಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಬಿಡುಗಡೆಗೆ ಮುಂಚೆ ಇದೇ ದೋಷಗಳನ್ನು ಹಿಡಿಯುವುದು

ಲಿಂಟಿಯನ್, ಆರ್‌ಪಿಎಂಲಿಂಟ್ ಪ್ಯಾಕೇಜಿನ ರೂಪ ನೋಡುತ್ತವೆ, ಪಿಯುಪಾರ್ಟ್ಸ್ ಹಾಕಿ ತೆಗೆದು ಪರ್ಜ್ ಮಾಡಿ ನೋಡುತ್ತದೆ. ಮೂರನ್ನೂ ಓಡಿಸಿ. ಆದರೆ ಬ್ಯಾಕಪ್ ಪ್ಯಾಕೇಜಿಗೆ ನಿಜವಾದ ಪರೀಕ್ಷೆ ರಿಸ್ಟೋರ್ ಒಂದೇ, ಅದನ್ನು ಡೆಬಿಯನ್‌ನ ಆಟೋಪಿಕೆಜಿಟೆಸ್ಟ್ ಎಂಬ ಪರೀಕ್ಷಾ ವ್ಯವಸ್ಥೆಯಲ್ಲಿ ಬರೆದಿಡಿ. ಪರೀಕ್ಷೆಯ ಫೋಲ್ಡರಿನಲ್ಲಿ ಕೂಡಿಸಿದ ‘ಕೋಶ’, ಬಿಡಿಸಿದ ‘ಕೋಶ’ ಎರಡೂ ಅಕ್ಕಪಕ್ಕ ಇರಲಿ. 255 ಬೈಟಿಗೆ ಸರಿಯಾಗಿ ಮುಟ್ಟುವ ಕನ್ನಡ ಹೆಸರೊಂದು, ಶೂನ್ಯ ಅಗಲದ ಸಂಕೇತವಿರುವ ಹೆಸರೊಂದು, ಬೇರೆಯವರಿಗೆ ಓದಲು ಅನುಮತಿಯಿಲ್ಲದ ಫೈಲೊಂದು ಇರಲಿ. ಟರ್ಮಿನಲ್ ಬಿಟ್ಟು ಸಿಸ್ಟಂಡಿ ಸರ್ವಿಸ್ ಮೂಲಕವೇ ಬ್ಯಾಕಪ್ ಓಡಿಸಿ, ಹೊಸ ಜಾಗಕ್ಕೆ ರಿಸ್ಟೋರ್ ಮಾಡಿ, ‘ಡಿಫ್’ ಕಮಾಂಡನ್ನು ಸಣ್ಣ ಆರ್ ಆಯ್ಕೆಯೊಂದಿಗೆ ಓಡಿಸಿ ಎರಡು ಫೋಲ್ಡರ್ ಹೋಲಿಸಿ. ಡಿಫ್ ಅನುಮತಿಗಳನ್ನು ನೋಡುವುದಿಲ್ಲ, ಅವನ್ನು ‘ಸ್ಟ್ಯಾಟ್’ನಿಂದ ಬೇರೆಯಾಗಿ ಹೋಲಿಸಬೇಕು. ಆಮೇಲೆ ಗುರಿಯ ಡಿಸ್ಕನ್ನು ಅನ್‌ಮೌಂಟ್ ಮಾಡಿ ಅದೇ ಸರ್ವಿಸನ್ನು ಇನ್ನೊಮ್ಮೆ ಓಡಿಸಿ. ಈ ಸಲ ಅದು ಫೇಲ್ ಆಗಲೇಬೇಕು, ಫೇಲ್ ಆಗದಿದ್ದರೆ ಆ ಆವೃತ್ತಿಗೆ ಸಹಿ ಹಾಕಬೇಡಿ.